ಉದ್ದನೆಯ ಟೊಮೇಟೊ ಪರವಾಗಿ

ದಪ್ಪ ತಿರುಳಿನ ಉದ್ದನೆಯ ಟೊಮೇಟೊವನ್ನು ನಾನು ಬಹುಕಾಲ ‘ರಬ್ಬರ್ ಚೆಂಡು’ ಎಂದು ಹೀಗಳೆಯುತ್ತಿದ್ದೆ. ಈಗ ಆ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ದೋಷ ಹಣ್ಣಿನದಲ್ಲ, ಲಾರಿಯ ಪ್ರಯಾಣ ತಾಳಲೆಂದು ದೋರೆಗಾಯಿ ಇರುವಾಗಲೇ ಕೀಳುವ ಅವಸರದ್ದು. ಹಿತ್ತಲಿನ ಗಿಡದಲ್ಲಿಯೇ ಕೆಂಪೇರಿದ ರೋಮಾ ಹಣ್ಣಿನಲ್ಲಿ ನೀರೂ ಬೀಜವೂ ಕಡಿಮೆ. ಗೊಜ್ಜು ಬೇಗ ಗಟ್ಟಿಯಾಗುತ್ತದೆ. ಒಲೆಯ ಮುಂದೆ ನಿಂತು ತಿರುವುವವರ ತೋಳಿಗೂ ಅಷ್ಟು ವಿರಾಮ. ಇಟಲಿಯಲ್ಲಿ ವೆಸೂವಿಯಸ್ ಪರ್ವತದ ಸಮೀಪ ಬೆಳೆಯುವ ಸಾನ್ ಮಾರ್ಜಾನೊ ಇದೇ ಬಗೆಯ ಹಣ್ಣು; ಅದಕ್ಕೆ 1996ರಲ್ಲಿ ಯುರೋಪಿನ ಮೂಲಸ್ಥಾನದ ಮಾನ್ಯತೆಯೇ ದೊರೆಯಿತು. ಸಾರಿಗೆ ಮಾತ್ರ ನಾಟಿ ಹಣ್ಣಿನ ಹುಳಿಯೇ ಆಗಬೇಕು, ಅದರಲ್ಲಿ ರಾಜಿಯಿಲ್ಲ.

ಮೊದಲ ವರ್ಷ ಹಣ್ಣುಗಳ ತುದಿ ಕಪ್ಪಾಗಿ ಕೊಳೆಯಿತು. ಬೀಜ ಮಾರಿದವನನ್ನು ಶಪಿಸಿದೆ. ಆದರೆ ಮೂರು ದಿನ ಮರೆತು, ನಾಲ್ಕನೆಯ ದಿನ ಕೊಡಗಟ್ಟಲೆ ನೀರು ಸುರಿದವನು ನಾನೇ. ಕ್ಯಾಲ್ಸಿಯಂ ಹಣ್ಣನ್ನು ಸೇರುವುದು ನೀರಿನೊಡನೆ. ನೀರು ತಪ್ಪಿದರೆ ಅದೂ ತಪ್ಪುತ್ತದೆ. ಬೇರು ಹೀರಿದ ನೀರಿನಲ್ಲಿ ಲವಣಗಳು ಮೇಲೇರುತ್ತವೆಂದು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ನಿಮಗೆಲ್ಲ ಬೋಧಿಸಿದವನೂ ನಾನೇ! ತಪ್ಪಿದವರಿಗೆ ಹತ್ತು ಸಲ ಬರೆಸಿದ್ದೂ ಉಂಟು.

ಈ ಸಲ ಬುಡಕ್ಕೆ ಒಣಹುಲ್ಲು ಹೊದಿಸಿ, ಹದವರಿತು ನೀರುಣಿಸುತ್ತಿದ್ದೇನೆ. ಸಂಕ್ರಾಂತಿಗೆ ಬರುವವರು ಗೊಜ್ಜಿಗೆಂದು ಖಾಲಿ ಸೀಸೆ ತರತಕ್ಕದ್ದು.