ರಾಕೆಟ್ ಕಟ್ಟಿದ ಕೈ, ಸುಬ್ಬಮ್ಮನನ್ನು ಬರೆದ ಕೈ



ನಮ್ಮ ಶಾಲೆಯ ವಾರ್ಷಿಕೋತ್ಸವಗಳಲ್ಲಿ 'ಆಚೆ ಮನೆಯ ಸುಬ್ಬಮ್ಮ'ನ ಹಾಡನ್ನು ಕೇಳಿ ನಕ್ಕ ನೆನಪು ನಿಮಗಿರಬಹುದು. ಏಕಾದಶಿಯ ಉಪವಾಸದ ಹೆಸರಿನಲ್ಲಿ ತಿಂಡಿಗಳ ಪಟ್ಟಿಯನ್ನೇ ಮುಗಿಸುವ ಆ ಮಹಾತಾಯಿಯನ್ನು ಮರೆಯುವುದುಂಟೆ? ಅದು ಬಾಯಿಂದ ಬಾಯಿಗೆ ಬಂದ ಜನಪದ ಗೀತೆಯೆಂದೇ ನಾನು ಬಹುಕಾಲ ನಂಬಿದ್ದೆ. ಅದನ್ನು ಬರೆದವರು ರಾಕೆಟ್ ಎಂಜಿನಿಯರ್ ಸಿ.ಆರ್. ಸತ್ಯ ಎಂದು ತಿಳಿದದ್ದು ನಿವೃತ್ತಿಯ ಹೊತ್ತಿಗೆ. ಅಂದು ಬೆರಗಿನೊಡನೆ ಒಂದಿಷ್ಟು ನಾಚಿಕೆಯೂ ಆಯಿತು. ಕಾರಣವನ್ನು ಮುಂದೆ ಹೇಳುತ್ತೇನೆ.

ಸತ್ಯ ಅವರ ಮುಖವನ್ನು ನೀವು ನೋಡಿರುತ್ತೀರಿ, ಹೆಸರು ತಿಳಿಯದೆ. ಕೇರಳದ ತುಂಬಾದಲ್ಲಿ ರಾಕೆಟ್ಟಿನ ಮೂತಿಯನ್ನು ಸೈಕಲ್ಲಿನ ಕ್ಯಾರಿಯರ್ ಮೇಲಿಟ್ಟು ಇಬ್ಬರು ಸಾಗಿಸುತ್ತಿರುವ ಪ್ರಸಿದ್ಧ ಚಿತ್ರವೊಂದಿದೆ. 1966ರಲ್ಲಿ ಅದನ್ನು ತೆಗೆದವರು ಫ್ರಾನ್ಸಿನ ಛಾಯಾಗ್ರಾಹಕ ಆನ್ರಿ ಕಾರ್ಟಿಯೆ ಬ್ರೆಸನ್. ಆ ಇಬ್ಬರಲ್ಲಿ ಒಬ್ಬರು ತರುಣ ಸತ್ಯ. 1963ರ ನವೆಂಬರ್ 21ರಂದು ನಮ್ಮ ನೆಲದಿಂದ ಮೊದಲ ರಾಕೆಟ್ ಹಾರಿದ್ದು ಅದೇ ತುಂಬಾದಿಂದ. ಅಲ್ಲಿನ ಇಗರ್ಜಿಯೇ ಆಗ ಕಚೇರಿ. ಅಬ್ದುಲ್ ಕಲಾಂ ಅವರಂಥವರೊಡನೆ ದುಡಿದ ಸತ್ಯ, ಸಂಯುಕ್ತ ವಸ್ತುಗಳಲ್ಲಿ ಪರಿಣತರಾದರು. ಗಾಜಿನ ನೂಲನ್ನು ರಾಳದಲ್ಲಿ ಹುದುಗಿಸಿದರೆ ಹಗುರವೂ ಗಟ್ಟಿಯೂ ಆದ ವಸ್ತು ಸಿಗುತ್ತದೆ. ನಮ್ಮ ಹಿರಿಯರು ಗೋಡೆಯ ಮಣ್ಣಿಗೆ ಹುಲ್ಲು ಬೆರೆಸಿ ತುಳಿಯುತ್ತಿದ್ದುದೂ ಇದೇ ತತ್ತ್ವದ ಮೇಲೆ. ಬರಿಯ ಮಣ್ಣು ಬಿರಿಯುತ್ತದೆ, ಬರಿಯ ಹುಲ್ಲು ನಿಲ್ಲುವುದಿಲ್ಲ.

ಇಂಥವರನ್ನು 'ಎಂಜಿನಿಯರಾಗಿದ್ದು ಲೇಖಕರಾದವರು' ಎಂದು ಕರೆಯುವುದು ವಾಡಿಕೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. ಅವರು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದವರಲ್ಲ. ರಾಕೆಟ್ ಕಟ್ಟಿದ ಕೈಯೇ ಸುಬ್ಬಮ್ಮನನ್ನೂ ಬರೆಯಿತು. ರಕ್ಷಣಾ ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿಯಾಗಿದ್ದ ಸುಧೀಂದ್ರ ಹಾಲ್ದೊಡ್ಡೇರಿಯವರೂ ಹಾಗೆಯೇ. ವಿಮಾನಗಳ ವಿಜ್ಞಾನವನ್ನು ಬಲ್ಲ ಅವರು ಕನ್ನಡ ಪತ್ರಿಕೆಗಳಲ್ಲಿ ವರ್ಷಗಟ್ಟಲೆ ಅಂಕಣ ಬರೆದರು, 'ಸದ್ದು! ಸಂಶೋಧನೆ ನಡೆಯುತ್ತಿದೆ' ಎಂಬ ಪುಸ್ತಕವನ್ನು ಕೊಟ್ಟರು. 2021ರ ಜುಲೈಯಲ್ಲಿ ಅವರು ತೀರಿಕೊಂಡಾಗ ಕನ್ನಡವು ಬಲ್ಲವರೊಬ್ಬರನ್ನು ಕಳೆದುಕೊಂಡಿತು.

ಈಗ ನನ್ನ ನಾಚಿಕೆಯ ಸಂಗತಿ. ಸುಮಾರು ಮೂವತ್ತು ವರ್ಷಗಳ ಹಿಂದೆ ನಮ್ಮ ಬದನಗುಪ್ಪೆಯ ಹುಡುಗನೊಬ್ಬ ಹತ್ತನೆಯ ತರಗತಿಯಲ್ಲಿದ್ದ. ಗಣಿತದ ನೋಟ್ ಪುಸ್ತಕದ ಕೊನೆಯ ಹಾಳೆಗಳಲ್ಲಿ, ಊರಿನ ರೈಲ್ವೆ ನಿಲ್ದಾಣದಲ್ಲಿ ಚಾಮರಾಜನಗರದ ಗಾಡಿಗಾಗಿ ತನ್ನ ಅಜ್ಜಿಯೊಡನೆ ಕಾದದ್ದನ್ನು ಬಲು ಸೊಗಸಾಗಿ ಬರೆದಿದ್ದ. ಓದಿ ಒಳಗೇ ಮೆಚ್ಚಿದೆ. ಆದರೆ ಕೆಂಪು ಶಾಯಿಯಲ್ಲಿ ಬರೆದದ್ದು, "ಕಥೆ ಸಾಕು, ಲೆಕ್ಕ ಮಾಡು." ಅವನು ಲೆಕ್ಕ ಮಾಡಿದ, ಎಂಜಿನಿಯರೂ ಆದ. ಕಳೆದ ವರ್ಷ ದೂರವಾಣಿಯಲ್ಲಿ ಮಾತನಾಡುತ್ತಾ, "ಸಾರ್, ಅಜ್ಜಿ ತೀರಿಕೊಂಡರು. ನಾಲ್ಕು ಸಾಲು ಬರೆಯೋಣವೆಂದು ಕೂತೆ, ಕನ್ನಡ ಕೈಗೆ ಬರಲಿಲ್ಲ" ಎಂದ. ಅವನು ದೂರಲಿಲ್ಲ. ನಾನು ಮಾತ್ರ ಆ ಕೆಂಪು ಶಾಯಿಯನ್ನು ನೆನೆದು ಸುಮ್ಮನಾದೆ.

ಹೊಟ್ಟೆಪಾಡಿನ ಭಯದಿಂದ ನಾವು ಮೇಷ್ಟ್ರುಗಳು ವಿಜ್ಞಾನದ ಮಕ್ಕಳಿಂದ ಭಾಷೆಯನ್ನು ಕಿತ್ತುಕೊಂಡೆವು. ಆ ಭಯ ಸುಳ್ಳೆನ್ನಲಾರೆ. ಬಡವರ ಮನೆಗೆ ಅಂಕಗಳೇ ಏಣಿ. ಆದರೆ ಏಣಿ ಹತ್ತುವವನ ಕೈಯಿಂದ ಬುತ್ತಿಯನ್ನು ಕಸಿಯಬೇಕಾಗಿರಲಿಲ್ಲ.

ನಿಮ್ಮಲ್ಲಿ ಅನೇಕರು ಇಂದು ಯಂತ್ರಗಳ, ಗಣಕಗಳ ನಡುವೆ ಇದ್ದೀರಿ. ನಿಮ್ಮ ಕೆಲಸವೇನೆಂದು ಬದನಗುಪ್ಪೆಯಲ್ಲಿರುವ ನಿಮ್ಮ ತಾಯಿಗೆ ಅರ್ಥವಾಗುವಂತೆ ಕನ್ನಡದಲ್ಲಿ ಒಂದು ಪುಟ ಬರೆಯಿರಿ. ತಾಂತ್ರಿಕ ಪದಕ್ಕೆ ಕನ್ನಡ ಹೊಳೆಯದಿದ್ದರೆ ಇದ್ದ ಪದವನ್ನೇ ಇಡಿ. ಬರೆದದ್ದನ್ನು ಮೊದಲು ತಾಯಿಗೆ ಓದಿ ಹೇಳಿ, ಆಮೇಲೆ ನನಗೆ ಕಳುಹಿಸಿ. ಈ ಸಲ ಕೆಂಪು ಶಾಯಿಯನ್ನು ಮುಟ್ಟುವುದಿಲ್ಲ.