ತೂತಿಲ್ಲದ ಕುಂಡ ಮಾರುವುದು ಬೇಡ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ಕಚೇರಿಗಳಲ್ಲಿ ಹಬ್ಬಕ್ಕೆ ಗಿಡ ಉಡುಗೊರೆ ಕೊಡುವ ಪದ್ಧತಿ ಬಂದಿದೆ. ಎಚೆವೇರಿಯಾ, ಹವಾರ್ಥಿಯಾ, ಜೇಡ್ ಮುಂತಾದ ಸಕ್ಯುಲೆಂಟ್‌ಗಳಿಗೆ ಬೇಡಿಕೆ. ನಮ್ಮ ಲೋಳೆಸರದ ಹಾಗೆ ಇವೂ ಮೈಯೊಳಗೆ ನೀರು ಕೂಡಿಟ್ಟುಕೊಳ್ಳುವ ಜಾತಿ. ಕಪ್ಪಿನಲ್ಲೋ ಗಾಜಿನ ಬೋಗುಣಿಯಲ್ಲೋ ಹಳೇ ಟಿನ್ನಿನಲ್ಲೋ ಜೋಡಿಸಿ ಕೊಡಿ ಅಂತಾರೆ. ಬಿಡಿ ಗಿಡಕ್ಕಿಂತ ಜೋಡಿಸಿದ್ದಕ್ಕೆ ಬೆಲೆ ಹೆಚ್ಚು. ಹೊರವಲಯದ ಸಣ್ಣ ನರ್ಸರಿಯವರಿಗೆ ಒಳ್ಳೆಯ ಆದಾಯವೇ.

ಆದರೆ ಈ ಪಾತ್ರೆಗಳಲ್ಲಿ ಹೆಚ್ಚಿನವಕ್ಕೆ ತಳದಲ್ಲಿ ತೂತಿಲ್ಲ. ನಾನೂ ಒಮ್ಮೆ ಒಂದು ಕಚೇರಿಗೆ ಪಿಂಗಾಣಿ ಕಪ್ಪುಗಳಲ್ಲಿ ಹಾಗೇ ನೆಟ್ಟು ಕೊಟ್ಟೆ. ತಿಂಗಳೊಳಗೆ ಬುಡ ಕೊಳೆಯಿತು. "ಏನ್ರೀ, ಸಾಯೋದೇ ಇಲ್ಲ ಅಂದಿದ್ರಲ್ಲ?" ಅಂದರು. ಮರುವರ್ಷ ಆರ್ಡರ್ ಬರಲಿಲ್ಲ. ನೀರು ಹಾಕಿದವರನ್ನು ಬೈದು ಏನು ಬಂತು? ತಪ್ಪು ನನ್ನದೇ.

"ತಳಕ್ಕೆ ಜಲ್ಲಿ ಹಾಕಿದರಾಯ್ತು" ಎನ್ನುವವರಿದ್ದಾರೆ. ಮೇಲಿನ ಮಣ್ಣು ಪೂರಾ ನೆನೆದು ತುಂಬುವ ತನಕ ನೀರು ಜಲ್ಲಿಗೆ ಇಳಿಯುವುದಿಲ್ಲ. ಇಳಿದದ್ದಕ್ಕೂ ಹೊರದಾರಿ ಇಲ್ಲ. ಜಲ್ಲಿ ಹಾಕಿದಷ್ಟೂ ಬೇರಿನ ಜಾಗ ಕಡಿಮೆ, ಕೆಸರು ಬೇರಿಗೆ ಹತ್ತಿರ.

ತೂತು ಕೊರೆಯುವುದು ದೊಡ್ಡ ಕೆಲಸವಲ್ಲ. ಟಿನ್ನಿಗೆ ಮೊಳೆ, ಸುತ್ತಿಗೆ ಸಾಕು. ಪಿಂಗಾಣಿಗೆ ಡೈಮಂಡ್ ಬಿಟ್ ಬೇಕು. ನೀರು ಬಿಡುತ್ತಾ ನಿಧಾನ ಕೊರೆಯಬೇಕು. ಗಾಜು ಒಡೆದೀತೆಂಬ ಭಯವಿದ್ದರೆ ತೂತಿರುವ ಸಣ್ಣ ಪ್ಲಾಸ್ಟಿಕ್ ಕುಂಡದಲ್ಲಿ ನೆಟ್ಟು ಅದರೊಳಗೆ ಇಳಿಸಿ. ನೀರು ಹಾಕುವಾಗ ಹೊರತೆಗೆದು, ಬಸಿದ ಮೇಲೆ ವಾಪಸ್ ಇಟ್ಟರಾಯಿತು. ಮೇಜು ಒದ್ದೆಯಾಗುತ್ತೆ ಎನ್ನುವವರಿಗೂ ಇದೇ ಉತ್ತರ.

ಪೀಣ್ಯದಂಥ ಕಡೆಯ ಗುಜರಿಯಲ್ಲಿ ಪೈಪಿನ ತುಂಡು, ದೊಡ್ಡ ಬೇರಿಂಗಿನ ಬಳೆ ಸಿಕ್ಕರೆ ಬಿಡಬೇಡಿ. ತಳಕ್ಕೆ ಜಾಲರಿ ಕೂರಿಸಿದರೆ ಕಪ್ಪಿಗಿಂತ ಚೆನ್ನ, ನಮ್ಮೂರಿನ ಗುರುತೂ ಆಗುತ್ತದೆ. ಪ್ಲೇಟಿಂಗ್ ಕಾರ್ಖಾನೆಯ ರಾಸಾಯನಿಕದ ಡಬ್ಬಗಳನ್ನು ಮಾತ್ರ ಮುಟ್ಟಬೇಡಿ. ಮನೆಯಲ್ಲಿ ತೊಳೆದರೆ ಹೋಗುವ ವಿಷವಲ್ಲ ಅದು.

ನಮ್ಮ ಕೆಮ್ಮಣ್ಣು ಒಂದೇ ಆದರೆ ಗಟ್ಟಿಯಾಗಿ ನೀರು ಹಿಡಿಯುತ್ತದೆ. ನಾನು ಒಂದು ಪಾಲು ಮಣ್ಣು, ಒಂದು ಪಾಲು ಗೊಬ್ಬರ, ಎರಡು ಪಾಲು ಇಟ್ಟಿಗೆ ಚೂರು ಇಲ್ಲವೇ ದಪ್ಪ ಎಂ-ಸ್ಯಾಂಡ್ ಬೆರೆಸುತ್ತೇನೆ. ಎಂ-ಸ್ಯಾಂಡಿನ ಧೂಳು ತೊಳೆದು ಹೋಗಬೇಕು. ನೆಟ್ಟು ನಾಲ್ಕೈದು ದಿನ ನೀರಿಲ್ಲ.

ಬಿಸಿಲು ಬೇಡುವ ಎಚೆವೇರಿಯಾವನ್ನು ಒಳಮೇಜಿಗೆ ಕೊಟ್ಟರೆ ಸೊರಗಿ ಉದ್ದ ಬೆಳೆಯುತ್ತದೆ. ಅಲ್ಲಿಗೆ ಹವಾರ್ಥಿಯಾ ವಾಸಿ, ಅದೂ ಕಿಟಕಿ ಹತ್ತಿರ. ಎರಡನ್ನೂ ಒಂದೇ ಪಾತ್ರೆಗೆ ತುಂಬಬೇಡಿ. "ಮಣ್ಣು ಪೂರಾ ಒಣಗಿದ ಮೇಲೆ ನೀರು" ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಚೀಟಿ ಬರೆದಿಡಿ.

ಗಿಡ ಸತ್ತರೆ ಇನ್ನೊಂದು ಕೊಳ್ಳುತ್ತಾರೆ, ನಮಗೇ ಲಾಭ ಎಂಬ ಲೆಕ್ಕ ಕೆಲವರದು. ನಾನು ಕಂಡಂತೆ, ಸತ್ತ ಜಾಗಕ್ಕೆ ಪ್ಲಾಸ್ಟಿಕ್ ಗಿಡ ಬರುತ್ತದೆ. ಬೇರೆ ಬೆಳೆಗಾರರ ಅನುಭವ ಏನು? ಬರೆಯಿರಿ.