ಹುಲಿ ಲೆಕ್ಕಕ್ಕೆ ಸಿಕ್ಕ ಎಂಜಿನಿಯರ್

ಉಲ್ಲಾಸ ಕಾರಂತರು ಸುರತ್ಕಲ್‌ನಲ್ಲಿ ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಬದುಕು ಕಟ್ಟಿಕೊಂಡದ್ದು ನಾಗರಹೊಳೆಯ ಕಾಡಿನಲ್ಲಿ. 1986ರಲ್ಲಿ ಅಲ್ಲಿ ಅಧ್ಯಯನ ಆರಂಭಿಸಿದ ಅವರನ್ನು ಕಾಡಿದ ಪ್ರಶ್ನೆ ಸರಳ: ಕಾಡಿನಲ್ಲಿ ಹುಲಿ ಎಷ್ಟು?

ಅರಣ್ಯ ಇಲಾಖೆ ಆಗ ಹೆಜ್ಜೆಗುರುತು ನೋಡಿ ಹುಲಿ ಎಣಿಸುತ್ತಿತ್ತು. ಅದು ವಿಜ್ಞಾನವಲ್ಲ ಎಂದು ಕಾರಂತರು ಹೇಳುತ್ತಲೇ ಬಂದರು. ಹುಲಿಯ ಪಟ್ಟೆಗಳು ನಮ್ಮ ಬೆರಳಚ್ಚಿನಂತೆ, ಒಂದರಂತೆ ಇನ್ನೊಂದಿಲ್ಲ. ಹಾಗಾಗಿ ಕಾಡಿನಲ್ಲಿಟ್ಟ ಕ್ಯಾಮೆರಾಕ್ಕೆ ಸಿಕ್ಕ ಹುಲಿ ಮತ್ತೆ ಎಷ್ಟು ಸಲ ಸಿಗುತ್ತದೆ ಎಂಬುದರಿಂದ, ಸಿಗದೇ ಉಳಿದವನ್ನೂ ಅಂದಾಜಿಸಬಹುದು. 1995ರಲ್ಲಿ ಅವರು ಪ್ರಕಟಿಸಿದ ಈ ವಿಧಾನಕ್ಕೆ, ಯಾವ ಹುಲಿ ಎಲ್ಲಿ ಸಿಕ್ಕಿತೆಂಬ ಸ್ಥಳದ ಲೆಕ್ಕವೂ ಮುಂದೆ ಸೇರಿತು. ಚಿರತೆಯಂಥ ಮೈಗುರುತಿನ ಪ್ರಾಣಿಗಳಿಗೂ ಇದೇ ದಾರಿ.

ನಮ್ಮ ಸರ್ಕಾರಕ್ಕೆ ಕಿವಿ ಕೇಳಿಸಲು ರಾಜಸ್ಥಾನದ ಸರಿಸ್ಕಾ ಹುಲಿಧಾಮ ಬರಿದಾಗಬೇಕಾಯಿತು. ಕಾಗದದಲ್ಲಿ ಹುಲಿಗಳಿದ್ದವು, 2005ರ ಹೊತ್ತಿಗೆ ಕಾಡಿನಲ್ಲಿ ಒಂದೂ ಇರಲಿಲ್ಲ. ಹೆಜ್ಜೆ ಎಣಿಕೆ ಆಮೇಲೆ ಮೂಲೆಗೆ ಸರಿಯಿತು. 2012ರಲ್ಲಿ ಕಾರಂತರಿಗೆ ಪದ್ಮಶ್ರೀ ಬಂತು. ಸರ್ಕಾರದ ಹುಲಿ ಗಣತಿಯ ಮೂಲ ಮಾಹಿತಿ ಸ್ವತಂತ್ರ ವಿಜ್ಞಾನಿಗಳ ಪರಿಶೀಲನೆಗೂ ತೆರೆದಿರಬೇಕೆಂಬ ಅವರ ವಾದವನ್ನು ಒಪ್ಪುವುದು ಇದಕ್ಕಿಂತ ದೊಡ್ಡ ಗೌರವ. ಮುಂದಿನ ಗಣತಿಯಿಂದಲೇ ಅದು ಶುರುವಾಗಲಿ.